ಗೋಣೆಪ್ಪ ಸೀನದ ದಿನ

ಇದು ೧೯೬೧ರ ಮಾತು. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ದುಡಿಯುವ ಗೋಣೆಪ್ಪನಿಗೆ ತೌಡಿನ ಧೂಳು ಮೂಗಿಗೆ ಏರಿ ಏರಿ ಸೀನಿನ ರೋಗವೇ ಅಂಟಿಕೊಂಡಿತ್ತು. ಅದೂ ಒಂಟಿ ಸೀನು! ಜೋಡಿ ಬಂದಿದ್ದರೆ ಶುಭವೆಂದು ಯಾರೂ ಬೇಡವೆನ್ನುತ್ತಿರಲಿಲ್ಲ. ಮಗಳು ಸಾವಂತ್ರವ್ವನನ್ನು ನೋಡಲು ಬಂದ ಎರಡು ಮನೆಯವರು, ಮಾತು ಕೂಡುವ ಹೊತ್ತಿಗೆ ಇವನು ಒಮ್ಮೆ ಸೀನಿದ್ದೇ ತಡ, ಅಪಶಕುನವೆಂದು ಎದ್ದು ಹೋಗಿದ್ದರು. ಮಗಳ ಬಾಳಿಗೆ ತನ್ನ ಮೂಗೇ ಮುಳ್ಳಾಯಿತಲ್ಲ ಎಂದು ಅವನು ಒಳಗೊಳಗೇ ಕೊರಗುತ್ತಿದ್ದ.

ಮೂರನೆಯ ಸಂಬಂಧ ಹಿರೇಬೆಂಡಿಗೇರಿಯಿಂದ ಬರುವುದಿತ್ತು. ಗೋಣೆಪ್ಪ ಹಾನಗಲ್ಲಿಗೆ ಹೋಗಿ ಡಾಕ್ಟರ್ ಸಿರಾಜುದ್ದೀನರ ಮುಂದೆ ಕುಳಿತ. ಇದಕ್ಕೆ ಅಲರ್ಜಿ ಅನ್ನುತ್ತಾರೆ, ಹೊಸ ಗುಳಿಗೆ ಬಂದಿದೆ, ಮಲಗುವಾಗ ಒಂದೇ ನುಂಗಬೇಕು, ವಿಪರೀತ ನಿದ್ದೆ ಬರುತ್ತದೆ, ಹಗಲು ನುಂಗಿ ಯಂತ್ರದ ಹತ್ತಿರ ಸುಳಿಯಬಾರದು ಎಂದು ಅವರು ಎರಡೆರಡು ಸಲ ಹೇಳಿದರು. ಗೋಣೆಪ್ಪನ ಕಿವಿಗೆ ಬಿದ್ದದ್ದು ಸೀನು ನಿಲ್ಲುತ್ತದೆ ಎಂಬುದೊಂದೇ. ಗಂಡಿನವರು ಬರುವ ದಿನ ಮುಂಜಾನೆ, ಕೆಲಸ ಪಕ್ಕಾ ಆಗಲೆಂದು ಎರಡು ನುಂಗಿದ ಪುಣ್ಯಾತ್ಮ.

ಸೀನು ಬರಲಿಲ್ಲ. ಗಂಡಿನ ತಂದೆ ಮೈಲಾರಲಿಂಗಪ್ಪ ಮಳೆ ಬೆಳೆ ವಿಚಾರಿಸುತ್ತಿದ್ದಾಗ ಗೋಣೆಪ್ಪನ ರೆಪ್ಪೆಗಳು ಭಾರವಾದವು. ಎಲೆಯಡಿಕೆಯ ತಟ್ಟೆ ಮುಂದೆ ಸರಿಸಿದ್ದು ನೆನಪಿತ್ತು. ಮತ್ತೆ ಕಣ್ಣು ಬಿಟ್ಟಾಗ ಬಿಸಿಲು ಹಿತ್ತಲಿಗೆ ಇಳಿದಿತ್ತು, ಕಂಬಳಿಯ ಮೇಲೆ ಅವನೊಬ್ಬನೇ ಇದ್ದ.

ಮೂರನೆಯದೂ ಹೋಯಿತು ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಹೆಂಡತಿ ಯಂಕವ್ವ ಚಹಾ ಹಿಡಿದು ಬಂದವಳು, ನಗು ತಡೆಯಲಾರದೆ ನಡೆದದ್ದೆಲ್ಲ ಹೇಳಿದಳು. ಗೊರಕೆ ಕೇಳಿದ ಗಂಡಿನವರು ಇವನು ಕುಡಿದಿದ್ದಾನೆಂದೇ ತಿಳಿದು ಎದ್ದು ನಿಂತಿದ್ದರಂತೆ. ಆಗ ಸಾವಂತ್ರವ್ವ ಒಳಗಿನಿಂದ ಬಂದು, ಒಂಟಿ ಸೀನಿನಿಂದ ಗುಳಿಗೆಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳಂತೆ. ಮೈಲಾರಲಿಂಗಪ್ಪ ಮಲಗಿದವನನ್ನೇ ನೋಡುತ್ತ, “ಮಗಳ ಸಲುವಾಗಿ ಇಷ್ಟು ಮಾಡಾವ್ರ ಮನಿತನ ಬಿಡಬಾರ್ದು” ಎಂದು ಸಂಬಂಧ ಒಪ್ಪಿ ಅಲ್ಲೇ ಸಕ್ಕರೆ ಹಂಚಿಸಿದರಂತೆ.

ಗೋಣೆಪ್ಪನ ಕಣ್ಣುಗಳು ತುಂಬಿದವು. ಮಗಳು ಬಾಗಿಲಲ್ಲಿ ನಿಂತಿದ್ದಳು.

“ಅಪ್ಪ, ಅಕ್ಕಿಕಾಳು ಬೀಳೂ ದಿನ ಆ ಗುಳಿಗಿ ನುಂಗಬ್ಯಾಡ. ಎಷ್ಟು ಸೀನು ಬಂದ್ರೂ ಬರ್ಲಿ. ನನ್ನ ಮದಿವಿ ನೀ ಎಚ್ಚರ ಇದ್ದು ನೋಡಬೇಕು.”

ಅವನು ಏನೋ ಹೇಳಲು ಬಾಯಿ ತೆರೆದ. ಬಂದದ್ದು ಸೀನು, ಒಂದೇ ಒಂದು. ಯಂಕವ್ವ ಎರಡನೆಯದಕ್ಕೆ ಕಾಯದೆ ಚಹಾದ ಬಟ್ಟಲನ್ನು ಅವನ ಕೈಗಿಟ್ಟಳು.