ಹನ್ನಾ ಎಂಬ ಹೆಸರಿನ ವಾರಸುದಾರರು

ಮ್ಯಾಂಚೆಸ್ಟರಿನ ಆಸ್ಪತ್ರೆಯವರು ಡಾಕ್ಟರ್ ಚಿದಾನಂದನ ಹೆಸರನ್ನು ಕತ್ತರಿಸಿ ಕತ್ತರಿಸಿ ಕೊನೆಗೆ 'ಸಿಡ್' ಮಾಡಿ ಬಿಟ್ಟಿದ್ದರು. ಮಗಳ ಹೆಸರಿಗೆ ಆ ಗತಿ ಬರಬಾರದೆಂದು ಅವನು ಮೊದಲೇ ಸಿದ್ಧನಾಗಿದ್ದ.

"ಹನ್ನಾ ಅಂತ ಇಡೋಣು. ಇದರಾಗ ಭಾಳ ನಮೂನಿ ಅದಾವ. ಆನಾ ಅನ್ನಬಹುದು, ಆನ್, ಆನಿ, ನ್ಯಾನ್ಸಿ ಸುದ್ದಾ ಅನ್ನಬಹುದು," ಎಂದು ಸೀರೆ ಅಂಗಡಿಯವನ ಧಾಟಿಯಲ್ಲಿ ಒಂದೊಂದನ್ನೇ ಬಿಚ್ಚಿ ಹಾಸಿದ.

"ಒಂದು ಕೂಸಿಗೆ ಇಷ್ಟ್ಯಾಕೋ? ನನ್ನ ಹೆಸರು ಒಂದಽ ಸಾಕು," ಎಂದಳು ಬಾಗಲಕೋಟೆಯಿಂದ ಬಂದಿಳಿದ ಅವನ ತಾಯಿ ಬಸವ್ವ.

ಬಾಣಂತಿ ಭಾಗ್ಯಶ್ರೀ ಕೂಸನ್ನು ಎದೆಗೆ ಅವಚಿಕೊಂಡಳು. ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಕರೆಯುವಂತಿಲ್ಲ. ಭಾಗ್ಯಶ್ರೀಯ ಅಕ್ಕನಿಗೆ ಅಪ್ಪನ ತಾಯಿಯ ಹೆಸರಿಟ್ಟಿದ್ದರಿಂದ ಅವಳ ತಾಯಿ ಮಗಳನ್ನೇ 'ಅವ್ವಾರಽ, ಏಳ್ರಿ, ಸಾಲಿಗೆ ಹೋಗ್ರಿ' ಎಂದು ಬೇಡಿಕೊಳ್ಳುತ್ತಿದ್ದಳು. ಬೈಗುಳಕ್ಕೂ ಬಹುವಚನ! ಹೆತ್ತ ಕೂಸನ್ನು ಹೆಸರು ಹಿಡಿದು ಕರೆಯಬೇಕು, ಸಿಟ್ಟು ಬಂದಾಗ ಹೆಸರು ಹಿಡಿದೇ ಗದರಬೇಕು. ಭಾಗ್ಯಶ್ರೀಗೆ ಬೇಕಾಗಿದ್ದದ್ದು ಇಷ್ಟೇ.

ಹನ್ನಾ ಎಂಬುದು ಅವಳಿಗೂ ಹಿಡಿಸಿತ್ತು. ಅದು ಪಕ್ಕದ ಮನೆಯ ಮಿಸೆಸ್ ಲೆವಿನ್‌ರ ಹೆಸರು. ಎಂಬತ್ತು ದಾಟಿದ ಯಹೂದಿ ಅಜ್ಜಿ. ಬಾಣಂತಿಗೆಂದು ಕೋಳಿ ಸೂಪು ತಂದು, ಇದು ಲಿಂಗಾಯತರ ಮನೆಯೆಂದು ತಿಳಿದು ಹಿಂದಕ್ಕೊಯ್ದು, ಜವೆಗೋಧಿ ಸೂಪು ಹೊತ್ತು ಮರಳಿ ಬಂದಾಕೆ. ಚಿದಾನಂದ ಆಸ್ಪತ್ರೆಯ ಪಾಳಿಯ ಪ್ರಕಾರ ಮಾಯವಾದಾಗಲೆಲ್ಲ ಕೂಸನ್ನು ಎತ್ತಿಕೊಂಡಾಕೆ.

ಆದರೆ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು. ಚಿದಾನಂದನ ತಂಗಿ ಸುಚೇತಾ ಊರಿನ ಇನ್ನೊಂದು ಬಡಾವಣೆಯಾದ ಫಾಲೋಫೀಲ್ಡ್‌ನಿಂದ ಬರುವ ಬಸ್ಸಿನಲ್ಲಿರುವಾಗಲೇ ಅಣ್ಣನ ಫೋನು, ಅವ್ವನ ಫೋನು. ಇಬ್ಬರಿಗೂ "ಹ್ಞೂಂ" ಎಂದಳು. ರಾಜಕಾರಣದಲ್ಲಿ ಅವಳಿಗೆ ಭವಿಷ್ಯವಿತ್ತು.

ನಾಮಕರಣದ ದಿನ ಸುಚೇತಾ ತೊಟ್ಟಿಲಿಗೆ ಬಾಗಿ "ಕುರ್ರ್" ಎಂದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದತೊಡಗಿದರು. ಅದೇ ಹೊತ್ತಿಗೆ ಚಿದಾನಂದ ಆಸ್ಪತ್ರೆಯ ಇಂಗ್ಲಿಷಿನಲ್ಲಿ ಮಿಸೆಸ್ ಲೆವಿನ್‌ಗೆ ಸಿಹಿ ಸುದ್ದಿ ಕೊಟ್ಟ: "ನಿಮ್ಮ ಹೆಸರನ್ನೇ ಇಡುತ್ತಿದ್ದೇವೆ!"

ಮುದುಕಿಯ ಮುಖ ಬಿಳುಚಿತು. "ಅಯ್ಯೋ, ಬೇಡಪ್ಪಾ! ನಮ್ಮ ಮನೆಯಲ್ಲಿ ಬದುಕಿರುವವರ ಹೆಸರು ಇಡೋದಿಲ್ಲ. ಸಾವಿನ ದೂತ ನನ್ನನ್ನು ಹುಡುಕಿಕೊಂಡು ಬಂದು ತಪ್ಪಿ ಕೂಸನ್ನು ಒಯ್ದರೆ?"

"ಏನಂದ್ಳೋ?" ಎಂದಳು ಬಸವ್ವ. ಚಿದಾನಂದ ತೊದಲುತ್ತ ಅನುವಾದಿಸಿದ.

ಬಸವ್ವ ಎದ್ದೇ ನಿಂತಳು. "ಹಂಗಾದ್ರ ನನ್ನ ಹೆಸರೂ ಬ್ಯಾಡ! ನನಗ ಬಂದಾವ ನನ್ನಽ ಒಯ್ಲಿ. ಏ ಸುಚೇತಾ, ಬಾಯಿ ಮುಚ್ಚು!"

"ಯಾವುದಾರ ಒಂದ್ ಹೇಳ್ರಿ! ಬೆನ್ನು ಮುರೀತೈತಿ!" ಎಂದು ಸುಚೇತಾ ತೊಟ್ಟಿಲೊಳಗಿಂದಲೇ ಕಿರುಚಿದಳು. ಗುದ್ದುವವರು ನಿಲ್ಲಿಸಲಿಲ್ಲ, ಹೆಸರು ಬರುವ ತನಕ ಗುದ್ದುವುದೇ ಪದ್ಧತಿ.

ಭಾಗ್ಯಶ್ರೀಯ ಕಣ್ಣು ತುಂಬಿದ್ದನ್ನು ಮಿಸೆಸ್ ಲೆವಿನ್ ಕಂಡರು. ತುಸು ಯೋಚಿಸಿ ಹೇಳಿದರು: "ನೋಡು, ನಿಜ ಹೇಳಬೇಕೆಂದರೆ ಆ ಹೆಸರು ನನ್ನದಲ್ಲ. ನಮ್ಮಜ್ಜಿಯದು. ಲೀಡ್ಸ್‌ನಲ್ಲಿ ದರ್ಜಿ ಕೆಲಸ ಮಾಡುತ್ತಿದ್ದಳು, ನಾನು ಹುಟ್ಟುವ ಮೊದಲೇ ಹೋದಳು. ಅವಳದೇ ಅಂತ ಇಡಿ. ನನ್ನದು ಅಂತ ಮಾತ್ರ ಯಾರಿಗೂ ಹೇಳಬೇಡಿ."

"ಸತ್ತದ್ದು ಖಾತ್ರಿ ಏನು?" ಮಗನ ಅನುವಾದ ಕೇಳಿ ಬಸವ್ವ ವಿಚಾರಣೆ ನಡೆಸಿದಳು. ಖಾತ್ರಿಯಾಯಿತು. "ಹಂಗಾದ್ರ ಅಡ್ಡಿಲ್ಲ."

"ಆದ್ರ ಅವ್ವ, ಹೆಸರು ಅದಽ ಅಲ್ಲೇನು?" ಎಂದ ಚಿದಾನಂದ, ಇಂಗ್ಲಿಷಿನಲ್ಲೂ ಅದನ್ನೇ ಕೇಳಿದ. ಇಬ್ಬರು ಮುದುಕಿಯರೂ ಅವನನ್ನು ಒಂದೇ ನೋಟದಲ್ಲಿ ಸುಟ್ಟರು. ಆ ನೋಟಕ್ಕೆ ಅನುವಾದ ಬೇಕಾಗಲಿಲ್ಲ.

"ಕುರ್ರ್... ಹನ್ನಾ!" ಎಂದು ಸುಚೇತಾ ಕೊನೆಗೂ ಬೆನ್ನು ನೆಟ್ಟಗೆ ಮಾಡಿದಳು. ಕೂಸು ಸೂರು ಹಾರುವಂತೆ ಅಳತೊಡಗಿತು.

ಬಸವ್ವ ಗಂಟಲು ಸರಿಮಾಡಿಕೊಂಡಳು. "ಹಿರ್ಯಾಳ ಹೆಸರು ಬಂತು. ಭಾಗ್ಯಾ, ಇನ್ನ ಕೂಸಿಗೆ ನೀ 'ಅವ್ವಾ' ಅನಬೇಕು, ತಿಳೀತಿಲ್ಲೋ?"

ಭಾಗ್ಯಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆ ಲೀಡ್ಸಿನಾಕಿ ನನಗ ಅತ್ತಿ ಅಲ್ಲಲ್ರೀ, ಅತ್ತಿಯಾರ."

ತೊಟ್ಟಿಲ ಹಗ್ಗ ಹಿಡಿದು, ಬಂದವರಿಗೆಲ್ಲ ಕೇಳುವಂತೆ ಗದರಿದಳು: "ಏ ಹನ್ನಾ! ಸಾಕು ಮಾಡು ನಿನ್ನ ಅಳು!"