ಕಷಾಯಕ್ಕೆ ಒಂದು ಚಮಚ

"ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದಳಾ? ಜಿಮ್ಮಿನ ಪೌಡರ್, ನೋವಿನ ಗುಳಿಗೆ, ಜಡಿಬೂಟಿ?" ಡಾಕ್ಟರ್ ತೃಪ್ತಿ ಹಿಂದಿಯಲ್ಲಿ ಮತ್ತೊಮ್ಮೆ ಕೇಳಿದರು.

ಆಸ್ಪತ್ರೆಯ ಮಂಚದ ಮೇಲಿದ್ದ ಸೌಜನ್ಯ ಹಳದಿ ತಿರುಗಿದ ಕಣ್ಣು ತೆರೆದು, "ನಹೀ ಡಾಕ್ಟರ್, ಕುಛ್ ನಹೀ. ಬಸ್ ಮಮ್ಮಿ ಕಾ ಕಷಾಯ," ಎಂದಳು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ತುಳು, ಕನ್ನಡ ಎರಡೂ ಕಿವಿಗೆ ಬರುತ್ತಿದ್ದವು, ಬಾಯಿಗೆ ಬರುತ್ತಿರಲಿಲ್ಲ.

"ಕೊತ್ತಂಬರಿ, ಜೀರಿಗೆ, ಮೆಂತೆಯದ್ದು. ನಮ್ಮ ಕಡೆ ಎಲ್ಲರೂ ಕುಡಿಯುತ್ತಾರೆ," ಎಂದು ತಂದೆ ಗುಣಪಾಲ ಅರ್ಥ ಬಿಡಿಸಿದ. ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರನಾಗಿದ್ದವನು, ಗಿರಾಕಿಗೆ ಹೇಳುವಷ್ಟೇ ನಯವಾಗಿ ಹೇಳಿದ. ಡಾಕ್ಟರರ ದೃಷ್ಟಿ ತಾಯಿ ಜಯಲತಾಳ ಕಡೆ ಹೊರಳಿತು. ಅವಳು ತಲೆಯಾಡಿಸಿದಳು. ಹೌದು, ಅಷ್ಟೇ.

ಅಷ್ಟೇ ಆಗಿರಲಿಲ್ಲ. ಕೆಲವು ತಿಂಗಳ ಹಿಂದೆ ನೆರೂಳದಲ್ಲಿ ಸೌಜನ್ಯಳ ನಿಶ್ಚಿತಾರ್ಥದ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಗಂಡಿನ ತಾಯಿ ಲೋಲಾಕ್ಷಿ, "ಹುಡುಗಿ ಚಂದ ಇದ್ದಾಳೆ. ಮದುವೆಯ ಒಳಗೆ ಸ್ವಲ್ಪ ಇಳಿದ್ರೆ ಫೋಟೋಗೆ ಒಳ್ಳೇದಿತ್ತು," ಎಂದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ಜಯಲತಾಳ ಕಣ್ಣಿಗೆ ಮಗಳು ಆವತ್ತಿನಿಂದ ದಪ್ಪಗೆ ಕಾಣತೊಡಗಿದಳು. ಹೇಳಿ ನೋಡಿದರೆ ಸೌಜನ್ಯ, "ಜೈಸೀ ಹೂಂ ವೈಸೀ ಹೂಂ," ನಾನಿರುವುದೇ ಹೀಗೆ, ಎಂದು ನಕ್ಕು ಇನ್ನೊಂದು ವಡಾಪಾವ್ ಕಚ್ಚಿದಳು.

ಊರಿನವರ ಸಂಘದ ಭಜನೆಯಲ್ಲಿ ಜಯಲತಾಳ ಪಕ್ಕದಲ್ಲೇ ಕೂರುವ ರತ್ನಾವತಿಯ ಚೀಲದಲ್ಲಿ ಮಾರಲೆಂದು ತೂಕ ಇಳಿಸುವ ಪುಡಿಯ ಡಬ್ಬ ಯಾವಾಗಲೂ ಇರುತ್ತಿತ್ತು. "ಕೆಮಿಕಲ್ ಎಂತದ್ದೂ ಇಲ್ಲ ಮಾರಾಯ್ತಿ. ನಮ್ಮ ಪುನರ್ಪುಳಿ ಜಾತಿಯದ್ದೇ ಒಂದು ಹಣ್ಣು, ಅದರ ಸಿಪ್ಪೆ. ಮೀನಿನ ಸಾರಿಗೆ ಹಾಕಿ ತಿಂದ ನಮ್ಮ ಅಜ್ಜಿಯಂದಿರಿಗೆ ಎಂತಾದ್ರೂ ಆಗಿದೆಯಾ?"

ಹಾಗೆಂದು ಜಯಲತಾ ಕಣ್ಣುಮುಚ್ಚಿ ನಂಬಲಿಲ್ಲ. ಡಬ್ಬದ ಮೇಲಿನ ಹಸಿರು ಎಲೆಯ ಚಿತ್ರ ನೋಡಿದಳು. ಪುಡಿ ಮೂಸಿದಳು, ಊರಿನದೇ ಹುಳಿ ವಾಸನೆ. ಕೆಲವು ದಿನ ತಾನೇ ಕುಡಿದು ನೋಡಿದಳು. ಹೊಟ್ಟೆ ಸ್ವಲ್ಪ ಸಡಿಲಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಉಪ್ಪು ಹುಳಿ ನಾಲಗೆಯಲ್ಲೇ ನೋಡಿ ಬಡಿಸುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಗೊತ್ತಿರಲಿಲ್ಲ. ಆಮೇಲೆ ಮಗಳ ಬೆಳಗಿನ ಕಷಾಯಕ್ಕೆ ಒಂದು ಚಮಚ ಬೀಳತೊಡಗಿತು. ಬೆಲ್ಲ ಸ್ವಲ್ಪ ಹೆಚ್ಚು ಹಾಕಿದರೆ ಹುಳಿ ಗೊತ್ತಾಗುತ್ತಿರಲಿಲ್ಲ.

ಸೌಜನ್ಯ ಇಳಿದಳು. ಟೈಲರಿಗೆ ಬ್ಲೌಸಿನ ಅಳತೆ ಬದಲಿಸಿ ಕೊಟ್ಟು ಬಂದ ದಿನ ಜಯಲತಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಹುಡುಗಿ ಐರೋಲಿಯ ಆಫೀಸಿನಿಂದ ಬಂದವಳೇ ಮಲಗತೊಡಗಿದಳು, ಅನ್ನ ಕಂಡರೆ ವಾಕರಿಸತೊಡಗಿದಳು. ಫೋನಿನಲ್ಲಿ ಕೇಳಿದರೆ ರತ್ನಾವತಿ, "ಕೊಬ್ಬು ಕರಗುವಾಗ ಸುಸ್ತು ಇದ್ದದ್ದೇ. ಈಗ ಬಿಟ್ರೆ ಮೊದಲಿಗಿಂತ ದಪ್ಪ ಆಗ್ತಾಳೆ. ಎರಡು ಚಮಚ ಮಾಡು," ಎಂದಳು. ಜಯಲತಾ ಎರಡು ಮಾಡಿದಳು. ಬೇಡವೆಂದ ಮಗಳನ್ನು ಗದರಿಸಿ ಕುಡಿಸಿದಳು. ಹೆತ್ತ ಕೈಯಿಂದ ಇಂಥದ್ದು ಆಗಬಾರದಿತ್ತು, ಆಗಿಹೋಯಿತು.

ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಸೇರಿಸಿದ ಮೇಲೂ ಅವಳು ಬಾಯಿ ಬಿಡಲಿಲ್ಲ. ಪುಡಿ ಔಷಧವೇ ಅಲ್ಲವಲ್ಲ ಎಂದು ಮೊದಲು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಗಂಡನ ಮುಖ ನೋಡಿದಾಗ, ಮಗಳ ಮುಖ ನೋಡಿದಾಗ ಹೇಳಲು ಹೆದರಿದಳು. ಕಾಮಾಲೆ ತಾನೇ, ನಾಳೆ ಇಳಿಯುತ್ತದೆ ಎಂದು ದಿನ ದೂಡಿದಳು. ಇಳಿಯಲಿಲ್ಲ.

ಹಾಗೆ ಮತ್ತೊಮ್ಮೆ ಕೇಳಿದ್ದ ಮರುದಿನ ಬೆಳಿಗ್ಗೆ ಡಾಕ್ಟರ್ ತೃಪ್ತಿ ರಿಪೋರ್ಟು ನೋಡಿ ಗುಣಪಾಲನನ್ನು ಮಂಚದ ಹತ್ತಿರ ಕರೆದರು. ಲಿವರ್ ಕೈಕೊಡುತ್ತಿದೆ, ಎಚ್ಚರ ತಪ್ಪುವ ಮೊದಲೇ ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಎಂದರು. "ವೈರಸ್ ಇಲ್ಲ, ಕುಡಿತ ಇಲ್ಲ. ಯಾಕೆ ಹೀಗಾಯಿತೆಂದೇ ಗೊತ್ತಾಗುತ್ತಿಲ್ಲ."

"ನಾನು," ಎಂದಳು ಜಯಲತಾ. ಹಿಂದಿ ಮರೆತೇಹೋಯಿತು. "ಕಷಾಯಕ್ಕೆ ಪುಡಿ ಹಾಕ್ತಿದ್ದೆ. ಸಪೂರ ಆಗ್ಲಿ ಅಂತ. ಅವಳಿಗೆ ಗೊತ್ತಿಲ್ಲ."

ಗುಣಪಾಲ ಅದನ್ನು ಹಿಂದಿಗೆ ತಿರುಗಿಸಿ ಹೇಳಬೇಕಾಯಿತು. ಹೇಳಿ ಮುಗಿಸಿ ಹೆಂಡತಿಯ ಕಡೆ ತಿರುಗಿದ. "ಎಂತ ಮಾಡಿದ್ದು ಜಯಾ ನೀನು?" ಎಂದು ಸ್ಟೂಲಿನ ಮೇಲೆ ಕುಸಿದ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಜಯಲತಾಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. "ಡಬ್ಬ ತರಿಸಿ. ಸಿಪ್ಪೆ ಮಾತ್ರ ಇದೆಯೋ, ಬೇರೇನಾದರೂ ಬೆರೆಸಿದ್ದಾರೋ, ಪರೀಕ್ಷೆ ಮಾಡದೆ ಹೇಳಲಾಗದು. ಮೊದಲ ದಿನವೇ ಹೇಳಬೇಕಿತ್ತು ನೀವು," ಎಂದರು. "ಈಗ ಹೊಸ ಲಿವರ್ ಸಿಕ್ಕರೆ ಬದುಕುವ ದಾರಿ ಉಂಟು. ಅಷ್ಟರವರೆಗೆ ಇವಳು ತಡೆಯುತ್ತಾಳೆಂದು ನಾನು ಮಾತು ಕೊಡಲಾರೆ."

ಅವರು ಆಂಬ್ಯುಲೆನ್ಸಿಗೆ ಹೇಳಲು ಹೊರಗೆ ಹೋದರು. ಸೌಜನ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಪಾನೀ," ಎಂದು ನೀರು ಕೇಳಿದಳು.

ಜಯಲತಾ ತಟ್ಟನೆ ಎದ್ದು, ಮನೆಯಿಂದ ಕಾಯಿಸಿ ಆರಿಸಿ ತಂದಿದ್ದ ನೀರಿನ ಬಾಟಲಿ ತೆರೆದು, ಮಗಳ ತಲೆ ಎತ್ತಿ ಹಿಡಿದಳು. ಸೌಜನ್ಯಳ ತುಟಿ ಬಿಚ್ಚಲಿಲ್ಲ. ಕಣ್ಣು ತಂದೆಯನ್ನು ಹುಡುಕಿತು.

ಗುಣಪಾಲ ಎದ್ದು ಹೆಂಡತಿಯ ಕೈಯಿಂದ ಬಾಟಲಿ ತೆಗೆದುಕೊಂಡ. ಮೂಲೆಯ ಬೇಸಿನ್ನಿಗೆ ಅಷ್ಟೂ ನೀರು ಸುರಿದು, ವಾರ್ಡಿನ ಫಿಲ್ಟರಿನಿಂದ ಬೇರೆ ನೀರು ಹಿಡಿದು ತಂದ. ಮಗಳು ಬಾಯಿ ತೆರೆದಳು.