ದಿಬ್ಬದ ಬುಡದಲ್ಲಿ ಬಿಟ್ಟ ಚಪ್ಪಲಿ

ಎಂಟುನೂರ ನಲವತ್ತು ಫೋಟೋಗಳಲ್ಲಿ ಇನ್ನು ಹತ್ತೊಂಬತ್ತು ಉಳಿದಿದ್ದವು. ಸುಧಾ ಲ್ಯಾಪ್‌ಟಾಪಿನ ಮುಂದೆ ಕುಳಿತು, ಒಂಟೆ ಸಾಲಿನ ಮೂರು ಫೋಟೋಗಳನ್ನು ಪಕ್ಕಪಕ್ಕ ಇಟ್ಟು, ಯಾವುದರಲ್ಲಿ ಕೊನೆಯ ಒಂಟೆಯ ಕಾಲು ಹೆಚ್ಚು ಸ್ಪಷ್ಟವಾಗಿದೆ ಎಂದು ನೋಡುತ್ತಿದ್ದಳು. ಗಂಟೆ ಮೂರಾಗಿತ್ತು. ಐದಕ್ಕೆ ಶೆಟ್ಟಿಹಳ್ಳಿಯ ಮಹಾಲಿಂಗಯ್ಯ ಮೇಷ್ಟ್ರ ಮನೆಗೆ ಫೋಟೋ ತಲುಪಿಸಬೇಕು. ಒಬ್ಬರಿಗೆ ಒಂದೇ.

ಮನೆಯ ತುಂಬ ಅವರೆಕಾಯಿಯ ಸೊಗಡು. ಗುಬ್ಬಿಯಾಚೆಯ ಹಳ್ಳಿಯಿಂದ ಹಿಂದಿನ ದಿನವಷ್ಟೇ ಒಂದು ಚೀಲ ಕಾಯಿ ಹೊತ್ತು ಬಂದಿದ್ದ ಅವಳ ತಾಯಿ ದೊಡ್ಡಗಂಗಮ್ಮ, ಗೋಡೆಗೊರಗಿ ಕಾಲು ಚಾಚಿ ಕಾಯಿ ಬಿಡಿಸುತ್ತಿದ್ದಳು.

"ಎಷ್ಟೊತ್ತಿಂದ ಆ ಒಂಟೆಗಳ್ನೇ ಮೇಯಿಸ್ತಿದೀಯಲ್ಲೇ. ಅಲ್ಲಿ ಹುಲ್ಲೂ ಕಾಣೆ, ಏನೂ ಕಾಣೆ."

"ಸುಮ್ನಿರವ್ವ, ಟೈಮಿಲ್ಲ."

"ಅಂಗಾರೆ ಒಂದ್ನ ಇಡ್ಕೊಂಡು ಓಗು. ಎಲ್ಲಾ ಒಂದೇ ತರ ಅವೆ."

ಅದೇ ಸುಧಾಳ ಭಯವೂ ಆಗಿತ್ತು. ಡಿಸೆಂಬರಿನ ಕೊನೆಯಲ್ಲಿ ಕ್ಯಾಮೆರಾ ಕ್ಲಬ್ಬಿನ ಹನ್ನೆರಡು ಜನ ಜೈಸಲ್ಮೇರಿನ ಕಡೆ ಹೋಗಿ ನಾಲ್ಕು ದಿನ ಮರಳಿನಲ್ಲಿ ಅಲೆದು ಬಂದಿದ್ದರು. ಮುಂದಿನ ತಿಂಗಳು ತುಮಕೂರಿನಲ್ಲಿ ಪ್ರದರ್ಶನ. ಯಾವುದು ಗೋಡೆಗೆ ಹೋಗಬೇಕು, ಯಾವುದು ಬೇಡ ಎಂದು ಹೇಳುವವರು ಮೇಷ್ಟ್ರು. ಮಂಡಿನೋವಿನಿಂದಾಗಿ ತಾವು ಬರಲಾಗದ ಆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ರೈಲು ಹೊರಡುವ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳಿದ್ದರು: "ಮರಳು ಹೆಂಗಿರುತ್ತೆ ಅಂತ ನಂಗೆ ಗೊತ್ತು. ಅಲ್ಲಿ ನಿಂತ್ರೆ ಹೆಂಗಿರುತ್ತೆ ಅನ್ನೋದನ್ನ ತಗೊಂಡ್ ಬನ್ನಿ."

ಹಿಂದಿನ ಎರಡು ಪ್ರದರ್ಶನಗಳಲ್ಲೂ ಅವಳ ಫೋಟೋ ಗೋಡೆ ಹತ್ತಿರಲಿಲ್ಲ. ಮೇಷ್ಟ್ರು ಯಾರನ್ನೂ ಬೈಯುವವರಲ್ಲ. "ನೀಟಾಗಿದೆ ಕಣಮ್ಮ" ಎಂದು ಪಕ್ಕಕ್ಕಿಡುತ್ತಿದ್ದರು, ಅಷ್ಟೆ. ಹಿರೇಹಳ್ಳಿಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಸುಧಾಳಿಗೆ ಸಂಬಳ ಬರುತ್ತಿದ್ದುದೇ ನೀಟಾಗಿರುವುದನ್ನು ಬೇರೆ ಮಾಡಿಡುವುದಕ್ಕೆ. ಹಗಲು ಕೆಲಸ, ಸಂಜೆ ಕಾಲೇಜು ಎಂದು ಓಡಾಡಿ ಡಿಗ್ರಿ ಮಾಡಿಕೊಂಡವಳು. ಯಾವ ವಸ್ತು ಕೈಗೆ ಬಂದರೂ ಮೊದಲು ಕಾಣುವುದು ಅದರ ಕುಂದು. ತನ್ನ ಫೋಟೋಗಳಲ್ಲೂ ಹಾಗೇ ಹುಡುಕುತ್ತಿದ್ದಳು. ಒಂಟೆ ಸಾಲಿನ ಫೋಟೋದಲ್ಲಿ ಒಂದೂ ಸಿಕ್ಕಿರಲಿಲ್ಲ. ಸೂರ್ಯ ಇರಬೇಕಾದ ಕಡೆ ಸೂರ್ಯ, ನೆರಳು ಇರಬೇಕಾದ ಕಡೆ ನೆರಳು. ಅದನ್ನು ನೋಡುತ್ತ ಹೋದಂತೆ ತಾನು ಅಲ್ಲಿಗೆ ಹೋಗಿಯೇ ಇಲ್ಲವೇನೋ ಎನ್ನಿಸುತ್ತಿತ್ತು.

ಈ ಸಲವೂ ಗೋಡೆಗೆ ಹೋಗದಿದ್ದರೆ ಕ್ಯಾಮೆರಾವನ್ನು ಮಗಳು ಸಿಂಚನಾಳ ಕೈಗೆ ಕೊಟ್ಟು ಮತ್ತೆ ಮುಟ್ಟಬಾರದೆಂದು ತೀರ್ಮಾನಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರಾದರೂ ಬೇಡ ಎನ್ನಬಹುದು, ಎನ್ನದೆಯೂ ಇರಬಹುದು. ಎರಡನ್ನೂ ತಡೆದುಕೊಳ್ಳುವ ಶಕ್ತಿ ಇರಲಿಲ್ಲ.

ಅವಳು ಬಾಣದ ಕೀ ಒತ್ತುತ್ತ ಹೋದಳು. ಕೋಟೆ, ಬಾವಿ, ಮತ್ತೆ ಒಂಟೆ.

"ತಡಿ ತಡಿ. ಇಂದಕ್ಕೋಗು," ಎಂದಳು ದೊಡ್ಡಗಂಗಮ್ಮ. "ಅದು ನಿನ್ ಚಪ್ಲಿ ಅಲ್ವೇನೇ?"

ಅಳಿಸಲು ಮರೆತಿದ್ದ ಫೋಟೋ ಅದು. ದಿಗಂತ ಒಂದು ಕಡೆ ವಾಲಿತ್ತು. ಕೆಳಗಿನ ಮೂಲೆಯಲ್ಲಿ ಅವಳದೇ ನೆರಳು ಬಿದ್ದಿತ್ತು. ಮಧ್ಯೆ ಮರಳಿನಲ್ಲಿ ಅರ್ಧ ಹೂತ ಒಂದು ಚಪ್ಪಲಿ, ಪಕ್ಕದಲ್ಲಿ ಇನ್ನೊಂದರ ಪಟ್ಟಿ ಮಾತ್ರ. ಅಲ್ಲಿಂದ ಮೇಲಕ್ಕೆ ಹೋದ ಬರಿಗಾಲಿನ ಹೆಜ್ಜೆಗಳು ಮೂರನೆಯದಕ್ಕೇ ಮಸುಕಾಗಿ, ಐದನೆಯದಕ್ಕೆ ಇಲ್ಲವಾಗಿದ್ದವು. ಆಮೇಲೆ ಬರೀ ದಿಬ್ಬ. ದಿಬ್ಬದ ತುಂಬ ಗಾಳಿ ಎಳೆದ ಗೆರೆಗಳು.

ಆ ಬೆಳಗಿನ ಜಾವ ಎಲ್ಲರೂ ಶೂ ಕಟ್ಟಿಕೊಂಡು ಹತ್ತುತ್ತಿದ್ದರು. ಸುಧಾ ಬುಡಕ್ಕೆ ಬಂದವಳು ನಿಂತು, ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿಟ್ಟು ಹತ್ತತೊಡಗಿದಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಮುಂದಿದ್ದ ಮಲ್ಲಿಕಾರ್ಜುನ್, ಕ್ಲಬ್ಬಿನ ಸೆಕ್ರೆಟರಿ, ತಿರುಗಿ ನೋಡಿ ಕೂಗಿದ್ದ: "ಮೇಡಂ, ಮೇಲೆ ದೇವ್ರೂ ಇಲ್ಲ, ಪ್ರಸಾದಾನೂ ಇಲ್ಲ! ಹಾಕ್ಕೊಂಡೇ ಬನ್ನಿ!" ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಮುಖ ಬಿಸಿಯಾಗಿತ್ತು. ಆದರೆ ಅಂಗಾಲಿಗೆ ಆ ತಣ್ಣನೆಯ ಮರಳು ತಾಗಿದ ಮೇಲೆ ಹಿಂದಿರುಗಲು ಮನಸ್ಸಾಗಲಿಲ್ಲ. ನೆತ್ತಿಯ ಅಂಚಿನಿಂದ ಮರಳು ಹೊಗೆಯಂತೆ ಏಳುತ್ತಿತ್ತು. ಸದ್ದೇ ಇರಲಿಲ್ಲ. ಎಷ್ಟು ಹೊತ್ತು ನಿಂತಳೋ, ಕುತ್ತಿಗೆಯಲ್ಲಿ ಕ್ಯಾಮೆರಾ ಇರುವುದೇ ಮರೆತುಹೋಗಿತ್ತು. ಇಳಿದು ಬಂದಾಗ ಚಪ್ಪಲಿ ಹೂತುಹೋಗುತ್ತಿದ್ದವು. ಕಾರ್ಖಾನೆಯಲ್ಲಿ ಕುಂದು ಕಂಡರೆ ಕೈಹಾಕುವ ಮೊದಲು ಇದ್ದದ್ದು ಇದ್ದ ಹಾಗೇ ಒಂದು ಫೋಟೋ ತೆಗೆಯಬೇಕು. ಆ ಅಭ್ಯಾಸದಿಂದಲೇ ಒಂದು ಕ್ಲಿಕ್ ಮಾಡಿ, ಆಮೇಲೆ ಚಪ್ಪಲಿ ಅಗೆದು ತೆಗೆದಿದ್ದಳು.

"ಯಾವೂರ್ ರಾಗಿ ಕಣವೇ ಇದು, ಇಷ್ಟಗ್ಲ?" ದೊಡ್ಡಗಂಗಮ್ಮ ಮೊರವನ್ನು ಸರಿಸಿ ಹತ್ತಿರ ಬಂದಳು.

"ಕಣ ಅಲ್ಲವ್ವ. ಮರಳು."

"ಮರಳಾ? ಪೊರಕೆ ಗೆರೆ ಕಾಣ್ತವಲ್ಲೇ." ಕಣ್ಣು ಕಿರಿದು ಮಾಡಿ ನೋಡಿದಳು. "ಏನಾರಾಗ್ಲಿ, ಚಪ್ಲಿ ಕೆಳಗ್ ಬುಟ್ಟಿದೀಯಲ್ಲ, ಸರ್ಯಾಗ್ ಮಾಡ್ದೆ. ಈಗ್ ಯಾರಿಗದೆ ಆ ಗ್ಯಾನ. ಟಾರ್ ರೋಡ್ ಮ್ಯಾಲೆ ರಾಗಿ ಆಕ್ತಾರೆ, ಬಸ್ಸು ತುಳೀತವೆ, ಲಾರಿ ತುಳೀತವೆ. ನಮ್ ತಿಪ್ಪಯ್ಯನ್ ಮನೆ ಮುದ್ದೇಲಿ ಡಾಂಬರ್ ವಾಸ್ನೆ ಕಣೇ!"

ತನ್ನ ಮಾತಿಗೆ ತಾನೇ ನಕ್ಕು ಅವಳು ಮತ್ತೆ ಮೊರ ಎಳೆದುಕೊಂಡಳು.

ಸುಧಾಳ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಅವಳು ಚಿಕ್ಕವಳಿದ್ದಾಗ ರಾಗಿ ಒಕ್ಕುವ ಕಣಕ್ಕೆಂದು ಹೊಲದ ಮೂಲೆಯಲ್ಲಿ ನೆಲ ಹದಮಾಡಿ, ಸಗಣಿ ಬಗ್ಗಡ ಸುರಿದು, ಅವ್ವ ಬಗ್ಗಿ ಪೊರಕೆಯಿಂದ ಸಾರಿಸುತ್ತಿದ್ದಳು. ಒಣಗಿದ ಮೇಲೆ ಉಳಿಯುತ್ತಿದ್ದ ಗೆರೆಗಳು ಹೀಗೇ ಬಾಗಿರುತ್ತಿದ್ದವು. ಮರುದಿನ ಬೆಳಿಗ್ಗೆ ಕಾಲಿಟ್ಟರೆ ಮೈ ಜುಮ್ಮೆನ್ನುವಷ್ಟು ತಣ್ಣಗೆ. ಕಣದ ಅಂಚಿನಲ್ಲಿ ಅಪ್ಪನ ಎಕ್ಕಡ, ಅದರ ಪಕ್ಕ ಇವಳ ಪುಟ್ಟ ಚಪ್ಪಲಿ. ಗಾಳಿಗಾಗಿ ಕಾದು ಕಾದು, ಬಂದಾಗ ಅಪ್ಪ ಮೊರ ಎತ್ತಿದರೆ ರಾಗಿ ಕೆಳಗೆ, ಹೊಟ್ಟು ಹೊಗೆಯಂತೆ ಅಡ್ಡಕ್ಕೆ. ಅಷ್ಟು ದೂರ ಹೋಗಿ ಅವಳ ಕಾಲು ನಿಂತದ್ದು ಆ ಕಣದ ಅಂಚಿನಲ್ಲೇ. ಅವಳಿಗೆ ತಿಳಿಯುವ ಮೊದಲೇ ಕಾಲಿಗೆ ತಿಳಿದಿತ್ತು.

ದಿಗಂತವನ್ನು ನೇರ ಮಾಡಬೇಕೆಂದು ಸಾಫ್ಟ್‌ವೇರ್ ತೆರೆದಳು. ನೆರಳನ್ನೂ ಕತ್ತರಿಸಿ ನೋಡಿದಳು. ಚೆನ್ನಾಗಿ ಕಂಡಿತು. ತುಂಬ ಚೆನ್ನಾಗಿ, ಒಂಟೆ ಸಾಲಿನಷ್ಟೇ ನೀಟಾಗಿ ಕಂಡಿತು. ಹೆದರಿ ಮೊದಲಿನಂತೆಯೇ ಮಾಡಿಬಿಟ್ಟಳು. ಪೆನ್‌ಡ್ರೈವಿಗೆ ಒಂಟೆ ಸಾಲನ್ನೂ ಹಾಕಿದಳು, ಚಪ್ಪಲಿಯನ್ನೂ ಹಾಕಿದಳು. ಊರಿಗೆ ಬಂದಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲೇ ಇದ್ದ ಅದೇ ಚಪ್ಪಲಿಯನ್ನು ಹುಡುಕಿ ಮೆಟ್ಟಿಕೊಂಡು ಹೊರಟಳು.

ಮೇಷ್ಟ್ರ ಮನೆಯ ಹಾಲಿನಲ್ಲಿ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿ ಎಲ್ಲರ ಫೋಟೋ ನೋಡುತ್ತಿದ್ದರು. ಕುಣಿಗಲ್ಲಿನ ಬ್ಯಾಂಕಿನಿಂದ ನೇರ ಬಂದಿದ್ದ ಮಲ್ಲಿಕಾರ್ಜುನ್ ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ. ಒಂಟೆ ಸಾಲು ಬಂದಾಗ ಮೇಷ್ಟ್ರು ತಲೆಯಾಡಿಸಿ "ನೀಟಾ..." ಎನ್ನುವಷ್ಟರಲ್ಲಿ ಎರಡನೆಯದು ಬಂತು. ಅವರು ಕನ್ನಡಕ ಸರಿಮಾಡಿಕೊಂಡರು.

"ಎರಡಿದೆಯಲ್ಲಮ್ಮ. ಯಾವ್ದು ನಿಂದು?"

ಮಲ್ಲಿಕಾರ್ಜುನ್ ನಗುತ್ತಿದ್ದ. "ಅಯ್ಯೋ, ಅವತ್ತಿಂದು! ಮೇಡಂ, ಇದನ್ನ ಎಂ.ಜಿ. ರೋಡ್ ಚಪ್ಲಿ ಅಂಗಡಿಗೆ ಕೊಡಿ, ಬೋರ್ಡಿಗೆ ಹಾಕ್ತಾರೆ."

ಮೊದಲನೆಯದು ಎಂದರೆ ಯಾರೂ ನಗುವುದಿಲ್ಲ.

"ಎರಡನೇದು ಸರ್."

"ಚಪ್ಲಿ ಯಾಕ್ ಬಿಟ್ಟೆ?"

"ಕಣ ಅನ್ಕೊಂಡೆ ಸರ್."

ಮೇಷ್ಟ್ರು ಮಂಡಿ ಹಿಡಿದುಕೊಂಡು ಎದ್ದು ಟೀವಿಯ ಹತ್ತಿರ ಹೋದರು. ಗಾಜು ಮುಟ್ಟದೆ, ದಿಬ್ಬದ ಗೆರೆಗಳ ಮೇಲೆ ಬೆರಳನ್ನು ನಿಧಾನವಾಗಿ ಎಳೆದರು.

"ಚಳಿ ಇತ್ತಾ?"

"ಕಾಲಿಗೆ ಇತ್ತು ಸರ್. ಸಗಣಿ ಸಾರಿಸಿದ ಮಾರನೇ ಬೆಳಿಗ್ಗೆ ಇರುತ್ತಲ್ಲ, ಹಂಗೆ."

"ಹೂಂ."

ಇನ್ನು "ನೀಟಾಗಿದೆ" ಎನ್ನುತ್ತಾರೆಂದು ಅವಳು ಹಲ್ಲು ಕಚ್ಚಿ ಕಾದಳು. ಮೇಷ್ಟ್ರು ಅದನ್ನು ಹೇಳಲಿಲ್ಲ. ಕುರ್ಚಿಗೆ ವಾಪಸು ಬಂದು ಕುಳಿತು, "ಬರ್ಕೊಳಪ್ಪ" ಎಂದರು.

"ಇದನ್ನಾ ಸರ್? ಸೊಟ್ಟಗಿದೆ..."

"ಗಾಳಿ ಆ ಕಡೆಯಿಂದ ಬಂದಿದೆ ಕಣಯ್ಯ. ಬರ್ಕೋ."

ಮಲ್ಲಿಕಾರ್ಜುನ್ ಬರೆದುಕೊಂಡ. ಅವಳು ಹೊರಡುವಾಗ ಗೇಟಿನವರೆಗೆ ಬಂದವನು ಕೆನ್ನೆ ಸವರಿಕೊಂಡು ಹೇಳಿದ: "ನಮ್ಮಜ್ಜಿ ಇದೇ ವಿಷಯಕ್ಕೆ ನಂಗೆ ಒಂದ್ ಬಾರಿಸಿದ್ರು ಮೇಡಂ. ಬೂಟ್ ಹಾಕ್ಕೊಂಡು ಕಣಕ್ಕೆ ಇಳಿದಿದ್ದೆ. ಮರ್ತೇ ಹೋಗಿತ್ತು ನೋಡಿ."

ಉಪ್ಪಾರಹಳ್ಳಿಯ ಮನೆಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ದೇವರ ಮುಂದೆ ದೀಪ ಹಚ್ಚಿಯಾಗಿತ್ತು. ಬಾಗಿಲ ಒಳಗೆ ಚಪ್ಪಲಿ ಬಿಟ್ಟು ಗೋಡೆಗೆ ಒರಗಿಸಿದಾಗ, ಹೊಲಿಗೆಯ ಸಂದಿನಿಂದ ಒಂದು ಚಿಟಿಕೆ ಮರಳು ಕೆಂಪು ನೆಲದ ಮೇಲೆ ಉದುರಿತು. ಬೀದಿಯ ಮಣ್ಣಿನಂತಿರಲಿಲ್ಲ. ನುಣ್ಣಗೆ, ಗೋಧಿ ಬಣ್ಣ. ಸುಧಾ ಪೊರಕೆ ತೆಗೆದುಕೊಂಡಳು.

"ದೀಪ ಅಚ್ಚಿದ್ ಮ್ಯಾಲೆ ಗುಡಿಸ್ತಾರೇನೇ?" ಅಡುಗೆಮನೆಯಿಂದ ದೊಡ್ಡಗಂಗಮ್ಮ ಗದರಿದಳು. "ಬೆಳಿಗ್ಗೆ ನೋಡ್ಕೊ, ಬುಡು."

ಸುಧಾ ಪೊರಕೆಯನ್ನು ಬಾಗಿಲ ಹಿಂದೆ ಇಟ್ಟು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಳು. ಬಾಗಿಲಿನಿಂದ ಬಂದ ಗಾಳಿಗೆ ಮರಳು ಸ್ವಲ್ಪ ಸ್ವಲ್ಪವೇ ಸರಿಯುತ್ತಿತ್ತು. ಒಂದು ಇರುವೆ ಬಂದು, ಅಂಚಿನಲ್ಲಿ ನಿಂತು, ಸುತ್ತು ಹಾಕಿ ಹೋಯಿತು.

ಟ್ಯೂಷನ್ ಮುಗಿಸಿ ಸಿಂಚನಾ ಮೆಟ್ಟಿಲೇರಿ ಬಂದಳು. "ಏನಮ್ಮ ಅದು?"

"ತುಳೀಬೇಡ," ಎಂದಳು ಸುಧಾ.

ಹುಡುಗಿ ಹೊಸ್ತಿಲಲ್ಲೇ ಶೂ ಬಿಚ್ಚಿದಳು. ಬ್ಯಾಗನ್ನು ಎದೆಗೆ ಅವುಚಿಕೊಂಡು, ತುದಿಗಾಲಿನಲ್ಲಿ, ಗೋಡೆಯ ಬದಿಯಿಂದ ಒಳಗೆ ಹೋದಳು.